ಬರ್ಮಿಂಗ್‌ಹ್ಯಾಮ್: ಇಂಗ್ಲೆಂಡಿನದು ಮತ್ತು ಅಲಬಾಮದ್ದು

ಇಂಗ್ಲೆಂಡಿನ ಮಧ್ಯಭಾಗದಲ್ಲಿರುವ ಬರ್ಮಿಂಗ್‌ಹ್ಯಾಮ್ ಲೋಹದ ಕೆಲಸಕ್ಕೆ ಲೋಕಪ್ರಸಿದ್ಧವಾದ ನಗರ. ಅದರ ಕೀರ್ತಿಯನ್ನು ಕಂಡು ಅದರ ಹೆಸರನ್ನೇ ಇಟ್ಟುಕೊಂಡು 1871ರಲ್ಲಿ ಹುಟ್ಟಿದುದು ಅಮೆರಿಕದ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್. ಎರಡನ್ನೂ ಕಬ್ಬಿಣವೇ ಬೆಳೆಸಿತಾದರೂ ಮೊದಲನೆಯದಕ್ಕೆ ಕುಶಲಿಗಳ ಕೈಯೂ ಎರಡನೆಯದಕ್ಕೆ ಭೂಗರ್ಭದ ನಿಕ್ಷೇಪವೂ ಮೂಲಧನವಾದುವು. ಅವುಗಳ ಪೌರಜೀವನ ಬೇರೆಬೇರೆ ದಾರಿ ಹಿಡಿದುದಕ್ಕೆ ಈ ಭೇದವನ್ನೇ ಮುಖ್ಯ ಕಾರಣವೆನ್ನಬೇಕು.

ದೊರೆ ಎರಡನೆಯ ಹೆನ್ರಿಯ ಕಾಲದಲ್ಲಿ, 1166ರಲ್ಲಿ, ಸಂತೆ ಕೂಡಿಸುವ ಹಕ್ಕನ್ನು ಪಡೆದ ಇಂಗ್ಲೆಂಡಿನ ಊರಿಗೆ ಹಡಗು ಸಾಗುವಂಥ ನದಿಯಿರಲಿಲ್ಲ, ಬಂದರಿರಲಿಲ್ಲ, 1838ರವರೆಗೆ ನಗರಸಭೆಯ ಸನ್ನದು ಕೂಡ ಇರಲಿಲ್ಲ. ವೃತ್ತಿಸಂಘಗಳ ಬಿಗಿಯಾದ ಕಟ್ಟುಪಾಡು ಇಲ್ಲದಿದ್ದುದರಿಂದಲೇ ಹೊರಗಿನ ಕಸಬುದಾರರೂ ರಾಜ್ಯಮತಕ್ಕೆ ಸೇರದ ಕ್ರೈಸ್ತರೂ ಇಲ್ಲಿ ನಿರಾತಂಕವಾಗಿ ನೆಲಸಿ, ಗುಂಡಿ, ಬಕಲು, ಬಂದೂಕು, ಆಭರಣ, ಮುಂದೆ ಉಕ್ಕಿನ ನಿಬ್ಬು, ಹೀಗೆ ನೂರಾರು ಬಗೆಯ ಸರಕುಗಳನ್ನು ಸಣ್ಣಸಣ್ಣ ಕಮ್ಮಟಗಳಲ್ಲಿ ತಯಾರಿಸುತ್ತಿದ್ದರು. 1769ರಲ್ಲಿ ತೆರೆದ ಕಾಲುವೆ ನೆರೆಯ ಗಣಿಗಳ ಕಲ್ಲಿದ್ದಲನ್ನು ಅಗ್ಗವಾಗಿ ತಂದೊದಗಿಸಿತು; 1775ರಲ್ಲಿ ಇಲ್ಲಿನ ಉದ್ಯಮಿ ಮ್ಯಾಥ್ಯೂ ಬೋಲ್ಟನ್ ಜೇಮ್ಸ್ ವಾಟ್‌ನೊಡನೆ ಪಾಲುಗಾರಿಕೆ ಮಾಡಿಕೊಳ್ಳಲಾಗಿ ಉಗಿಯಂತ್ರ ಈ ಊರಿನಿಂದ ದೂರದೂರಕ್ಕೆ ಹೋಯಿತು. ಇಲ್ಲಿನ ಬಂದೂಕುಗಳು ಪಶ್ಚಿಮ ಆಫ್ರಿಕದ ಗುಲಾಮ ವ್ಯಾಪಾರದಲ್ಲಿ ವಿನಿಮಯದ ಸರಕಾಗಿದ್ದುವೆಂಬುದನ್ನು ಈ ಏಳಿಗೆಯ ಕಥೆಯಲ್ಲಿ ಮರೆಮಾಚಬಾರದು. ಗುಲಾಮಗಿರಿಯ ವಿರುದ್ಧ ಹೋರಾಡಿದ ಜೋಸೆಫ್ ಸ್ಟರ್ಜ್ ನೆಲಸಿದುದೂ ಇದೇ ಊರಿನಲ್ಲಿ.

1873ರಿಂದ 1876ರವರೆಗೆ ಮೇಯರನಾಗಿದ್ದ ಜೋಸೆಫ್ ಚೇಂಬರ್ಲಿನ್, ಖಾಸಗಿ ಕಂಪೆನಿಗಳ ಕೈಯಲ್ಲಿದ್ದ ಅನಿಲ ಮತ್ತು ನೀರಿನ ಸರಬರಾಜನ್ನು ನಗರಸಭೆಯ ವಶಕ್ಕೆ ತಂದು, ಕೊಳೆಗೇರಿಗಳನ್ನು ತೆಗೆಸಿ, ನಗರಾಡಳಿತವೆಂದರೆ ಪ್ರಜೆಗಳ ಸಾಮೂಹಿಕ ಸ್ವತ್ತು ಎಂಬ ಭಾವನೆಗೆ ರೂಪ ಕೊಟ್ಟನು. ಆ ನೀತಿಯ ಫಲವಾಗಿಯೇ 1904ರಲ್ಲಿ ವೇಲ್ಸಿನ ಈಲಾನ್ ಕಣಿವೆಯ ನೀರು ನಗರವನ್ನು ಮುಟ್ಟಿತು.

ಅಲಬಾಮದ ನಗರವಾದರೋ ಎರಡು ರೈಲುದಾರಿಗಳು ಕೂಡುವೆಡೆಯಲ್ಲಿ ಎಲಿಟನ್ ಲ್ಯಾಂಡ್ ಕಂಪೆನಿ ನಿವೇಶನಗಳನ್ನು ಅಳೆದು ಮಾರಿದುದರಿಂದ ಹುಟ್ಟಿತು. ರೆಡ್ ಮೌಂಟನ್ ಬೆಟ್ಟದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು, ಈ ಮೂರೂ ಒಂದೇ ಸುತ್ತಿನಲ್ಲಿ ದೊರೆಯುತ್ತಿದ್ದುದು ಅದರ ಅಪೂರ್ವ ಭಾಗ್ಯ. 1873ರ ಕಾಲರಾ ಮತ್ತು ಆರ್ಥಿಕ ಮುಗ್ಗಟ್ಟನ್ನು ತಾಳಿಕೊಂಡು ಅದು ಬೆಳೆದ ವೇಗವನ್ನು ಕಂಡವರು ಅದನ್ನು ಮಾಯಾನಗರಿಯೆಂದು ಕರೆದರು. 1904ರ ಸೇಂಟ್ ಲೂಯಿಸ್ ವಸ್ತುಪ್ರದರ್ಶನಕ್ಕಾಗಿ ಇಲ್ಲಿ ಎರಕಹೊಯ್ದ, 56 ಅಡಿ ಎತ್ತರದ ವಲ್ಕನ್ ದೇವತೆಯ ಕಬ್ಬಿಣದ ವಿಗ್ರಹ ಇಂದಿಗೂ ಆ ಬೆಟ್ಟದ ಮೇಲಿದೆ. ಆದರೆ ಮೂಲನಗರದ ಸ್ವತಂತ್ರ ಕಮ್ಮಟವಾಗಲಿ, ದುಡಿಮೆಗಾರನೇ ಒಡೆಯನಾಗಬಹುದೆಂಬ ಆಸೆಯಾಗಲಿ ಹೆಸರಿನೊಡನೆ ಸಾಗರ ದಾಟಿ ಬರಲಿಲ್ಲ. ಕುಲುಮೆಯ ಅತ್ಯಂತ ಕಠಿನವಾದ ಕೆಲಸ ಕಪ್ಪುಜನರ ಪಾಲಿಗೆ ಬಂದಿತು. ಬಹುಪಾಲು ಕಪ್ಪುಜನರೇ ಆಗಿದ್ದ ಸೆರೆಯಾಳುಗಳನ್ನು ಗಣಿಗಳಿಗೆ ಗುತ್ತಿಗೆ ಕೊಡುವ ಘೋರ ಪದ್ಧತಿ ಅಲಬಾಮದಲ್ಲಿ 1928ರವರೆಗೂ ನಡೆಯಿತು.

ಕಾನೂನಿನ ಬಲದಿಂದ ನೆಲಸಿದ್ದ ಈ ವರ್ಣಭೇದದ ವಿರುದ್ಧ ಫ್ರೆಡ್ ಶಟಲ್ಸ್‌ವರ್ತ್, ಮಾರ್ಟಿನ್ ಲೂಥರ್ ಕಿಂಗ್ ಮೊದಲಾದವರು 1963ರಲ್ಲಿ ಸತ್ಯಾಗ್ರಹ ಹೂಡಿದಾಗ ಪೊಲೀಸರು ಮಕ್ಕಳ ಮೇಲೂ ನಾಯಿಗಳನ್ನು ಬಿಟ್ಟರು. ಅದೇ ವರ್ಷದ ಸೆಪ್ಟೆಂಬರ್ 15ರಂದು ಹದಿನಾರನೆಯ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ದ್ವೇಷಿಗಳಿಟ್ಟ ಬಾಂಬು ನಾಲ್ವರು ಬಾಲಕಿಯರನ್ನು ಬಲಿ ತೆಗೆದುಕೊಂಡಿತು. ಒಂದು ಬರ್ಮಿಂಗ್‌ಹ್ಯಾಮಿಗೆ ಕುಡಿಯುವ ನೀರನ್ನಿತ್ತ ವೇಲ್ಸಿನ ಜನ, ತಲೆಗೆ ಅರ್ಧ ಕ್ರೌನಿಗೆ ಮೀರದಂತೆ ಚಂದಾ ಕೂಡಿಸಿ, ಮತ್ತೊಂದರ ಈ ಚರ್ಚಿಗೆ ಕಪ್ಪುವರ್ಣದ ಕ್ರಿಸ್ತನ ಚಿತ್ರವುಳ್ಳ ಬಣ್ಣಗಾಜಿನ ಕಿಟಕಿಯನ್ನು 1965ರಲ್ಲಿ ಅರ್ಪಿಸಿದರು. ಜಾನ್ ಪೆಟ್ಸ್ ರಚಿಸಿದ ಅದು ನಿಜಕ್ಕೂ ಉದಾತ್ತವಾದ ಕೊಡುಗೆ. ಇಂಗ್ಲೆಂಡಿನ ನಗರವೂ ಈ ವಿಷದಿಂದ ಪೂರ್ಣ ಮುಕ್ತವಾಗಿರಲಿಲ್ಲ: ವಲಸೆ ಬಂದ ಭಾರತೀಯರು ಮತ್ತಿತರರಿಗೆ ಅದರ ನೆರೆಯ ಸ್ಮೆಥಿಕ್‌ನಲ್ಲಿ ಮನೆಗಳನ್ನು ನಿರಾಕರಿಸಲಾಗುತ್ತಿದ್ದ ಕಾಲದಲ್ಲಿ, 1965ರ ಫೆಬ್ರವರಿಯಲ್ಲಿ, ಅಮೆರಿಕದ ಕಪ್ಪುಜನರ ನಾಯಕ ಮಾಲ್ಕಂ ಎಕ್ಸ್ ಆ ಬೀದಿಗಳನ್ನು ಕಣ್ಣಾರೆ ನೋಡಿಹೋದನು.

ಅಲಬಾಮದ ಪ್ರಸಿದ್ಧ ಸ್ಲಾಸ್ ಕುಲುಮೆ 1971ರ ವೇಳೆಗೆ ಆರಿ, ಈಗ ವಸ್ತುಸಂಗ್ರಹಾಲಯವಾಗಿದೆ. 1960ರಲ್ಲಿ ಸುಮಾರು 3.4 ಲಕ್ಷವಿದ್ದ ಆ ನಗರದ ಜನಸಂಖ್ಯೆ 2020ರಲ್ಲಿ 2 ಲಕ್ಷಕ್ಕೆ ಇಳಿಯಿತು. ವಿಶ್ವವಿದ್ಯಾಲಯವೂ ಅದರ ಆಸ್ಪತ್ರೆಗಳೂ ಇಂದು ನಗರದ ಮುಖ್ಯ ಜೀವನಾಧಾರ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 2021ರ ಗಣತಿಯಂತೆ 11 ಲಕ್ಷಕ್ಕೂ ಮಿಕ್ಕ ಜನರಿದ್ದು, ಅಲ್ಲಿನ ಆಭರಣಕಾರರ ಕೇರಿಯಲ್ಲಿ ಸಣ್ಣ ಕಮ್ಮಟಗಳು ಇಂದಿಗೂ ಕೆಲಸ ಮಾಡುತ್ತಿವೆ.