ಕಲಬುರಗಿ–ಕಮಲಾಪುರಗಳ ಜಲಚರಿತ್ರೆ

ನಾಡಿನ ಚರಿತ್ರೆಯೆಂದೊಡನೆ ಅರಸರ ವಂಶಾವಳಿಯೂ ಯುದ್ಧಗಳ ವರ್ಷಗಳೂ ನೆನಪಿಗೆ ಬರುವುವು. ಆ ನಾಡಿನ ಜನರು ಕುಡಿದ ನೀರು ಎಲ್ಲಿಯದು, ಅದು ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂದು ಕೇಳುವವರು ವಿರಳ. ಬಿಸಿಲ ನಾಡೆಂದು ಹೆಸರಾದ ಕಲಬುರಗಿಯ ಸೀಮೆಯಲ್ಲಾದರೋ ಈ ಪ್ರಶ್ನೆಯೇ ಚರಿತ್ರೆಯ ತಿರುಳು.

12ನೆಯ ಶತಮಾನದಲ್ಲಿ ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಶಿವಯೋಗಿ ಸಿದ್ಧರಾಮರು ಕೆರೆಯನ್ನು ಕಟ್ಟಿಸಿ ಲೋಕೋಪಕಾರದ ಮಾರ್ಗವನ್ನು ತೋರಿದರು. 1347ರಲ್ಲಿ ಬಹಮನಿ ಅರಸರ ರಾಜಧಾನಿಯಾದ ಕಲಬುರಗಿಯು ಮುಂದೆ ಶರಣಬಸವೇಶ್ವರರ (1746–1822) ದಾಸೋಹಭೂಮಿಯಾಯಿತು. ಅವರ ದೇವಾಲಯದ ಬಳಿಯ ಕೆರೆಯು ಇಂದಿಗೂ ಊರ ನಡುವೆ ಇರುವುದು. ನೀರು ಕಣ್ಣೆದುರಿಗೆ ಇದ್ದಾಗ ಅದು ತುಂಬಿದುದನ್ನೂ ಬತ್ತಿದುದನ್ನೂ ಊರೆಲ್ಲವೂ ಕಾಣುತ್ತಿತ್ತು.

ನಗರವು ಬೆಳೆದಂತೆ ನೀರಿನ ಮೂಲವು ದೂರ ಸರಿಯಿತು. ಭೋಸಗಾ ಕೆರೆಯು ಸಾಲದಾಗಿ ಭೀಮಾನದಿಯನ್ನೂ ಬೆಣ್ಣೆತೊರೆಯನ್ನೂ ಆಶ್ರಯಿಸಬೇಕಾಯಿತು. ಭೀಮೆಯ ಮೇಲ್ಭಾಗದಲ್ಲಿ ಮಹಾರಾಷ್ಟ್ರದ ಉಜ್ಜನಿ ಜಲಾಶಯವಿದೆ. 1969ರಲ್ಲಿ ನೇಮಕವಾದ ಕೃಷ್ಣಾ ನ್ಯಾಯಾಧಿಕರಣವು 1973ರಲ್ಲಿ ತೀರ್ಪಿತ್ತು ಕೃಷ್ಣಾ ಕೊಳ್ಳದ ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿ.ಎಂ.ಸಿ. ಅಡಿಗಳನ್ನು ಹಂಚಿತು. ಆದರೂ ಬೇಸಗೆಯಲ್ಲಿ ಭೀಮೆಯು ಬತ್ತಿದರೆ, ನೀರು ಬಿಡಿರೆಂದು ಮೇಲಿನವರನ್ನು ಬೇಡುವ ಸ್ಥಿತಿಯು ನಮ್ಮದು.

ಬೆಣ್ಣೆತೊರೆಯ ಕಡೆಯಲ್ಲಾದರೋ ನಗರವೇ ಬಲಿಷ್ಠವು. ಹುಮನಾಬಾದಿನ ಹಾದಿಯಲ್ಲಿ, ಕಮಲಾಪುರದ ಸೀಮೆಯ ಕುರಿಕೋಟದ ಬಳಿ, ಈ ತೊರೆಯನ್ನು ದಾಟುವೆವು. ಮುಂದೆ ಹೇರೂರಿನ ಬಳಿ ಅದಕ್ಕೆ ಅಣೆಕಟ್ಟಿದೆ. 2018ರಲ್ಲಿ ತಾಲೂಕು ಕೇಂದ್ರವಾದ ಕಮಲಾಪುರವು ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಕೆಂಪು ಬಾಳೆಗೆ ಪ್ರಸಿದ್ಧವಾಗಿದೆ. ಬಾಳೆಯು ಬಹುಕಾಲ ನೀರು ಬೇಡುವ ಬೆಳೆ. ನಗರದ ದಾಹವೂ ರೈತನ ತೋಟವೂ ಒಂದೇ ಸೀಮೆಯ ಮಳೆಯನ್ನು ನಂಬಿರುವುವು. ಮೇಲಿನವರಿಂದ ನಾವು ಯಾವ ನ್ಯಾಯವನ್ನು ಬೇಡುವೆವೋ ಅದೇ ನ್ಯಾಯವನ್ನು ಈ ಹಳ್ಳಿಗಳಿಗೆ ಸಲ್ಲಿಸಬೇಡವೇ?

ನಗರದೊಳಗೂ ಇದೇ ಪ್ರಶ್ನೆಯು ಉಂಟು. 2004ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಯೋಜನೆಯಲ್ಲಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಬಡಾವಣೆಗಳಿಗೆ ಹಗಲಿರುಳು ನೀರು ಕೊಡುವ ಪ್ರಯೋಗವು ನಡೆಯಿತು. ಸೋರುವ ಹಳೆಯ ಕೊಳವೆಗಳನ್ನು ಬದಲಿಸಿ, ಮೀಟರುಗಳನ್ನು ಕೂಡಿಸಿದುದರಿಂದ ಅದು ಸಾಧ್ಯವಾಯಿತು. ಪರಂತು ಅದರ ಫಲವು ಆ ನಗರಗಳ ಸುಮಾರು ಹತ್ತನೆಯ ಒಂದು ಪಾಲು ಜನರಿಗೆ ಮಾತ್ರ ದೊರೆಯಿತು. ಉಳಿದವರು ಕೊಡಗಳನ್ನಿಟ್ಟು ಸರದಿಯನ್ನು ಕಾಯುತ್ತಲೇ ಇದ್ದರು. ಇಡೀ ನಗರಕ್ಕೆ ಅದನ್ನು ವಿಸ್ತರಿಸುವ ಕಾರ್ಯವನ್ನು ಆಮೇಲೆ ಕೈಕೊಳ್ಳಲಾಯಿತು. ವಿದ್ಯೆಯು ಮೊದಲು ಬಂದಿತು, ಸಮತೆಯು ತಡವಾಯಿತು.

2010ರಲ್ಲಿ ವಿಶ್ವಸಂಸ್ಥೆಯು ಶುದ್ಧ ಕುಡಿಯುವ ನೀರನ್ನು ಮಾನವನ ಹಕ್ಕೆಂದು ಸಾರಿತು. ಅಂತರ್ಜಲವನ್ನು ನಿಯಂತ್ರಿಸಲು ನಮ್ಮ ರಾಜ್ಯದಲ್ಲಿ 2011ರ ಕಾಯಿದೆಯೂ ಇದೆ. ಆದರೆ ಕಾಯಿದೆಯೊಂದರಿಂದಲೇ ಬಾವಿಯು ತುಂಬುವುದಿಲ್ಲ. ದಾಸೋಹದ ಪಂಕ್ತಿಯ ನಿಯಮವನ್ನು ಮಠದ ಭಕ್ತರೆಲ್ಲರೂ ಬಲ್ಲರು: ಕೊನೆಯ ಎಲೆಗೆ ಬಡಿಸುವ ಮುನ್ನ ಮೊದಲ ಎಲೆಗೆ ಎರಡನೆಯ ಸಲ ಬಡಿಸುವುದಿಲ್ಲ. ಎಲ್ಲರ ದಾಹವು ಮೊದಲು, ಬೆಳೆಯು ಬಳಿಕ, ಭೋಗವು ಕಡೆಗೆ. ಈ ಕ್ರಮವನ್ನು ನೀರಿಗೂ ಅನ್ವಯಿಸುವುದೇ ಉಚಿತವು. ಕೆರೆಯ ಹೂಳನ್ನೆತ್ತುವುದೂ ಸೋರುವ ನಲ್ಲಿಯನ್ನು ಕಟ್ಟುವುದೂ ಕಾಯಕವೇ. ಪಂಕ್ತಿಯ ಕೊನೆಯ ಎಲೆಯನ್ನು ಕಾಣುವ ಕಣ್ಣು ನಮ್ಮಲ್ಲಿ ತೆರೆದಿರಲಿ.