ಲಿನಕ್ಸ್ ಕಂಪ್ಯೂಟರಿನಲ್ಲಿ ಸ್ಕ್ಯಾನರ್: ಹಳೆಯ ದಾಖಲೆ ಉಳಿಸುವವರಿಗೆ ಮಾಹಿತಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ನಮ್ಮ ಅಂಗಡಿ, ಮನೆ ಹಾಗೂ ಟ್ರಸ್ಟುಗಳ ಬೀರುಗಳಲ್ಲಿ ಕ್ರಯಪತ್ರ, ದಾನಪತ್ರ, ಲೆಕ್ಕದ ಪುಸ್ತಕ, ಸಭೆಯ ನಡಾವಳಿಗಳು ಇವೆ. ಶಾಯಿ ಮಾಸುತ್ತದೆ, ಗೆದ್ದಲಿನ ಭಯವೂ ಇದೆ. ಇವುಗಳನ್ನು ಸ್ಕ್ಯಾನ್ ಮಾಡಿಟ್ಟರೆ ಮುಂದಿನವರಿಗೆ ಉಳಿಯುತ್ತವೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಂಪ್ಯೂಟರಿಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿದರೆ ಖರ್ಚಿಲ್ಲದೆ ಇನ್ನೂ ಕೆಲವು ವರ್ಷ ಬಳಸಬಹುದು. ಆದರೆ ಸ್ಕ್ಯಾನರ್ ಜೊತೆ ಬಂದ ವಿಂಡೋಸ್ ಸಿಡಿ ಅಲ್ಲಿ ನಡೆಯುವುದಿಲ್ಲ. ಹಾಗೆಂದು ಸ್ಕ್ಯಾನರನ್ನು ಗುಜರಿಗೆ ಹಾಕಬೇಡಿ. ಕೆಳಗಿನ ಪರೀಕ್ಷೆಗಳನ್ನು ಮೊದಲು ಮಾಡಿ.

ಪರೀಕ್ಷೆಯ ಕ್ರಮ

ಲಿನಕ್ಸಿನಲ್ಲಿ ಸ್ಕ್ಯಾನರ್ ನಡೆಸುವ ತಂತ್ರಾಂಶಕ್ಕೆ ‘ಸೇನ್’ ಎಂದು ಹೆಸರು. ಅನೇಕ ಮಾದರಿಗಳ ಡ್ರೈವರುಗಳು ಅದರೊಳಗೇ ಇರುತ್ತವೆ.

1. ಸ್ಕ್ಯಾನರ್ ಜೋಡಿಸಿ, ‘ಡಾಕ್ಯುಮೆಂಟ್ ಸ್ಕ್ಯಾನರ್’ ತೆರೆಯಿರಿ. ಇದರ ಇನ್ನೊಂದು ಹೆಸರು ‘ಸಿಂಪಲ್ ಸ್ಕ್ಯಾನ್’. ಸ್ಕ್ಯಾನರ್ ಹೆಸರು ಕಂಡರೆ ಬೇರೇನೂ ಮಾಡಬೇಕಾಗಿಲ್ಲ.

2. ಕಾಣದಿದ್ದರೆ ಟರ್ಮಿನಲ್ ತೆರೆದು ‘ಎಲ್‌ಎಸ್‌ಯುಎಸ್‌ಬಿ’ ಎಂದು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಕೊಡಿ. ಪಟ್ಟಿಯಲ್ಲಿ ಸ್ಕ್ಯಾನರ್ ಇಲ್ಲವಾದರೆ ತೊಂದರೆ ತಂತಿ, ಪೋರ್ಟ್ ಅಥವಾ ವಿದ್ಯುತ್ತಿನದು. ತಂತಿ ಬದಲಿಸಿ ನೋಡಿ.

3. ಪಟ್ಟಿಯಲ್ಲಿ ಇದ್ದರೆ ‘ಸ್ಕ್ಯಾನ್‌ಇಮೇಜ್’ ಎಂದು ಒಂದೇ ಪದವಾಗಿ ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ದೊಡ್ಡ ‘ಎಲ್’ ಹಾಕಿ. ಸೇನ್ ಗುರುತಿಸಿದ ಸ್ಕ್ಯಾನರುಗಳು ಕಾಣುತ್ತವೆ. ಈ ಆಜ್ಞೆ ಇಲ್ಲವೆಂದು ಬಂದರೆ ‘ಸೇನ್ ಯುಟಿಲ್ಸ್’ ಪ್ಯಾಕೇಜ್ ಹಾಕಿಕೊಳ್ಳಿ.

4. ಇದೇ ಆಜ್ಞೆ ‘ಸುಡೊ’ ಸೇರಿಸಿದಾಗ ಮಾತ್ರ ಕೆಲಸ ಮಾಡಿದರೆ ಕೊರತೆ ಅನುಮತಿಯದು. ನಿಮ್ಮ ಬಳಕೆದಾರ ಹೆಸರನ್ನು ‘ಸ್ಕ್ಯಾನರ್’ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ.

ಕಂಪನಿವಾರು ವಿವರ

ಎಚ್‌ಪಿ: ‘ಎಚ್‌ಪಿಲಿಪ್’ ಬೇಕು. ಕೆಲವು ಮಾದರಿಗಳಿಗೆ ಅದರ ಪ್ಲಗಿನ್ ಕೂಡ ಇಳಿಸಿಕೊಳ್ಳಬೇಕು.
ಎಪ್ಸನ್: ಲಿನಕ್ಸಿಗೆ ‘ಎಪ್ಸನ್ ಸ್ಕ್ಯಾನ್ 2’ ಕೊಡುತ್ತದೆ.
ಬ್ರದರ್: ಮಾದರಿಗೆ ತಕ್ಕ ‘ಬಿಆರ್‌ಸ್ಕ್ಯಾನ್’ ಡ್ರೈವರ್ ಅದರ ಜಾಲತಾಣದಲ್ಲಿದೆ.
ಕ್ಯಾನನ್: ಲೈಡ್ 110, 210 ಮಾದರಿಗಳ ಡ್ರೈವರ್ ಸೇನ್‌ನಲ್ಲೇ ಇದೆ.
ವೈಫೈ ಇರುವ ಹೊಸ ಆಲ್-ಇನ್-ಒನ್ ಯಂತ್ರಗಳು: ‘ಏರ್‌ಸ್ಕ್ಯಾನ್’ ಇದ್ದರೆ ಹಲವಕ್ಕೆ ಬೇರೆ ಡ್ರೈವರೇ ಬೇಡ. ಕಂಪ್ಯೂಟರ್ ಮತ್ತು ಯಂತ್ರ ಒಂದೇ ವೈಫೈನಲ್ಲಿ ಇರಬೇಕು.

ಹೊಸದು ಕೊಳ್ಳುವ ಮೊದಲು ಸೇನ್ ಜಾಲತಾಣದ ಪಟ್ಟಿಯಲ್ಲಿ ಮಾದರಿಯ ಪೂರ್ತಿ ಸಂಖ್ಯೆ ನೋಡಿ. ‘ಕಂಪ್ಲೀಟ್’ ಅಥವಾ ‘ಗುಡ್’ ಎಂದಿದ್ದರೆ ಧೈರ್ಯವಾಗಿ ಕೊಳ್ಳಬಹುದು. ‘ಅನ್‌ಸಪೋರ್ಟೆಡ್’ ಎಂದಿದ್ದರೆ ಕಂಪನಿಯೇ ಲಿನಕ್ಸ್ ಡ್ರೈವರ್ ಕೊಡುತ್ತದೆಯೇ ಎಂದು ವಿಚಾರಿಸಿ.

ಸ್ಕ್ಯಾನ್ ಮಾಡುವಾಗ

ಮುದ್ರಿತ ಪತ್ರಕ್ಕೆ 300 ಡಿಪಿಐ ಸಾಕು. ಶಾಯಿ ಮಾಸಿದ್ದರೆ ಅಥವಾ ಅಕ್ಷರ ಸಣ್ಣದಿದ್ದರೆ 600 ಇಡಿ. ಮೊಹರು, ಸಹಿ, ಹೆಬ್ಬೆಟ್ಟಿನ ಗುರುತು ಇರುವ ಪತ್ರವನ್ನು ಬಣ್ಣದಲ್ಲೇ ತೆಗೆಯಿರಿ. ಹಿಂಬದಿಯ ನೋಂದಣಿ ಬರಹವನ್ನು ಬಿಡಬೇಡಿ. ಹಳೆಯ ಛಾಪಾ ಕಾಗದ ಎ4ಗಿಂತ ಉದ್ದವಿರುವುದರಿಂದ ಸಾಮಾನ್ಯ ಸ್ಕ್ಯಾನರಿನಲ್ಲಿ ಕೊನೆಯ ಸಾಲುಗಳು ಬಿಟ್ಟುಹೋಗುತ್ತವೆ. ಮೇಲರ್ಧ, ಕೆಳಅರ್ಧ ಎಂದು ಎರಡು ಸಲ ತೆಗೆಯಿರಿ. ಪುಡಿಯಾಗುವ ಕಾಗದವನ್ನು ಒತ್ತಬೇಡಿ, ಕಾಗದ ಎಳೆದುಕೊಳ್ಳುವ ಫೀಡರಿಗೂ ಹಾಕಬೇಡಿ.

‘ಟೆಸರಾಕ್ಟ್’ ಜೊತೆ ಅದರ ಕನ್ನಡ ಭಾಷಾ ಪ್ಯಾಕೇಜ್ ಹಾಕಿಕೊಂಡರೆ ಮುದ್ರಿತ ಕನ್ನಡ ಪುಟವನ್ನು ಹುಡುಕಬಹುದಾದ ಪಠ್ಯವಾಗಿ ಮಾಡಬಹುದು. ಕೈಬರಹದ ಲೆಕ್ಕಕ್ಕೆ ಇದು ಆಗುವುದಿಲ್ಲ. ಅದಕ್ಕೆ ಕಡತದ ಹೆಸರೇ ಆಧಾರ.

ಕಡತದ ಹೆಸರು

ಈ ನಾಲ್ಕು ತಾಲ್ಲೂಕುಗಳು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿ, ನಂತರ ಬೆಂಗಳೂರು ಗ್ರಾಮಾಂತರದಲ್ಲಿ, 2007ರಿಂದ ರಾಮನಗರ ಜಿಲ್ಲೆಯಲ್ಲಿ ಇದ್ದವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಇನ್ನೂ ಹಳೆಯ ಪತ್ರಗಳಲ್ಲಿ ರಾಮನಗರವೇ ಕ್ಲೋಸ್‌ಪೇಟೆ. ಜಿಲ್ಲೆಯ ಹೆಸರಿನಲ್ಲಿ ಹುಡುಕಿದರೆ ಒಂದೇ ಜಮೀನಿನ ಪತ್ರಗಳು ಬೇರೆ ಬೇರೆ ಕಡೆ ಸೇರುತ್ತವೆ. ಆದ್ದರಿಂದ ವರ್ಷ, ತಾಲ್ಲೂಕು, ಗ್ರಾಮ, ಪತ್ರದ ಬಗೆ ಎಂಬ ಕ್ರಮದಲ್ಲಿ ಹೆಸರಿಡಿ. ಉದಾಹರಣೆಗೆ: 1974-ಮಾಗಡಿ-ಕುದೂರು-ಕ್ರಯಪತ್ರ.

ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇರಲಿ. ಸ್ಕ್ಯಾನ್ ಪ್ರತಿ ಮೂಲಪತ್ರಕ್ಕೆ ಬದಲಿಯಲ್ಲ. ಕೆಲಸ ಮುಗಿದ ಮೇಲೆ ಮೂಲವನ್ನು ಒಣಗಿದ ಜಾಗದಲ್ಲಿ ಭದ್ರವಾಗಿಡಿ.