ಅಂಕಿತದಲ್ಲಿ ಉಳಿದ ಪ್ರಿಯಸ್ಮರಣೆ

ಅಗಲಿದ ಪ್ರಿಯರನ್ನು ನೆನೆಯುವುದಕ್ಕೆ ಗದ್ದುಗೆ, ಶಿಲಾಶಾಸನ, ಉತ್ಸವಗಳೆಂಬ ಸಾಧನಗಳು ಲೋಕದಲ್ಲಿ ಅನೇಕವುಂಟು. ಹನ್ನೆರಡನೆಯ ಶತಮಾನದ ಶರಣರ ವಚನಗಳಲ್ಲಿ ಇವೆಲ್ಲಕ್ಕಿಂತ ಸರಳವಾದ ಮತ್ತೊಂದು ಸಾಧನವು ಕಾಣಬರುತ್ತದೆ. ಅದೇ ಅಂಕಿತವು.

ಅಂಕಿತವು ವಚನಕಾರರ ಇಷ್ಟದೈವದ ನಾಮವೆಂಬುದು ಭಕ್ತರೆಲ್ಲರಿಗೂ ವಿದಿತವೇ ಆಗಿದೆ. ಬಸವಣ್ಣನವರು ಕೂಡಲಸಂಗಮದೇವನೆಂದರು, ಅಲ್ಲಮಪ್ರಭುಗಳು ಗುಹೇಶ್ವರನೆಂದರು. ಆದರೆ ಕೆಲವರ ಅಂಕಿತಗಳಲ್ಲಿ ದೈವನಾಮದೊಡನೆ ಪ್ರಿಯರ ನಾಮವೂ ಬೆರೆತಿದೆ. ಹಡಪದ ಅಪ್ಪಣ್ಣನವರ ಅಂಕಿತವು ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’ ಎಂದಾದರೆ, ಅವರ ಪತ್ನಿ ಲಿಂಗಮ್ಮನವರದು ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ಬಸವಣ್ಣನವರ ಪತ್ನಿ ನೀಲಾಂಬಿಕೆಯವರು ಪತಿಯ ಆರಾಧ್ಯದೈವವನ್ನೇ ‘ಸಂಗಯ್ಯ’ ಎಂದು ಕರೆದು, ಬಸವಣ್ಣನವರು ಐಕ್ಯರಾದುದನ್ನು ತಮ್ಮ ವಚನಗಳಲ್ಲಿ ನೆನೆದರು.

ಈ ಸ್ಮರಣೆಯು ಕುರುಡು ಮೋಹವಲ್ಲವೆಂಬುದಕ್ಕೆ ಆಯ್ದಕ್ಕಿ ದಂಪತಿಗಳ ಚರಿತ್ರೆಯೇ ಸಾಕ್ಷಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಯಿಸುತ್ತಿದ್ದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದರೆಂದೂ, ಲಕ್ಕಮ್ಮನವರು ಇದು ಆಸೆಯೆಂದು ಎಚ್ಚರಿಸಿ ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದರೆಂದೂ ಪರಂಪರೆಯು ತಿಳಿಸುತ್ತದೆ. ಪತಿಯ ಅಂಕಿತವು ‘ಅಮರೇಶ್ವರಲಿಂಗ’. ಪತ್ನಿಯದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ತಿದ್ದಿದ ನಾಲಗೆಯೇ ಪತಿಯ ಹೆಸರನ್ನು ದೈವದ ಬಳಿಯಲ್ಲಿರಿಸಿತು.

ಕ್ರಿ. ಶ. 1167ರ ಸುಮಾರಿನ ಕಲ್ಯಾಣದ ಕ್ಷೋಭೆಯಲ್ಲಿ ಶರಣರು ಚದುರಿದರು. ಮಹಾಮನೆಯು ಉಳಿಯಲಿಲ್ಲ, ಮಾತುಗಳು ಉಳಿದವು. ತಾಳೆಯೋಲೆಯ ಪ್ರತಿಕಾರರು ಆ ಒಂದು ಅಂಕಿತವನ್ನು ಬಿಟ್ಟಿದ್ದರೆ ವಚನವು ಯಾರದೆಂದು ತಿಳಿಯದೆ, ಆಡಿದವರೂ ಅವರು ನೆನೆದವರೂ ಏಕಕಾಲದಲ್ಲಿ ಮರೆಯಾಗುತ್ತಿದ್ದರು. ಹದಿನೈದನೆಯ ಶತಮಾನದಲ್ಲಿ ಶೂನ್ಯಸಂಪಾದನೆಯ ಸಂಕಲನಕಾರರೂ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರೂ ಈ ಲೋಪವನ್ನು ತಡೆದವರಲ್ಲಿ ಅಗ್ರಗಣ್ಯರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು.

ಅಂಕಿತದಂತೆಯೇ ಶರಣರು ಹೊಸ ಅರ್ಥ ತುಂಬಿದ ಪದಗಳೂ ಅವರ ಸ್ಮಾರಕಗಳೇ ಸರಿ. ಹೊಟ್ಟೆಯ ಪಾಡಿನ ದುಡಿಮೆಯು ಅವರ ಬಾಯಲ್ಲಿ ‘ಕಾಯಕ’ವಾಯಿತು, ಹಂಚಿ ಉಣ್ಣುವುದು ‘ದಾಸೋಹ’ವಾಯಿತು. ಮಠದ ಪಂಕ್ತಿಯಲ್ಲಿ ಬಡಿಸುವಾತನೂ ಹೊಲದಲ್ಲಿ ನೇಗಿಲು ಹಿಡಿದಾತನೂ ಈ ಮಾತುಗಳನ್ನಾಡಿದಾಗ, ಅರಿತೋ ಅರಿಯದೆಯೋ, ಆ ಪೂರ್ವಿಕರನ್ನೇ ನೆನೆಯುತ್ತಾರೆ. ಆದರೆ ನುಡಿ ಮಾತ್ರ ಉಳಿದು ನಡೆ ಅಳಿದರೆ ಆ ಸ್ಮರಣೆಯು ಬರಿಯ ಶಬ್ದವಾದೀತು. ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿಸುವ ಮನಸ್ಸು ಮನೆಮನೆಯಲ್ಲಿಯೂ ಇರುವವರೆಗೆ ಮಾತ್ರ ಮಾರಯ್ಯ ಲಕ್ಕಮ್ಮನವರ ಅಂಕಿತವು ಜೀವಂತವಾಗಿರುವುದು.